ಊರ ಮೈಕು ನನ್ನ ಮಾತು ಕೇಳುತ್ತಿಲ್ಲ

ನೋರುಮೋಕ್, ನಾಮ್ಹೆ ದ್ವೀಪ
ಡಿಸೆಂಬರ್ ೧೯, ೨೦೧೯, ಗುರುವಾರ

ಪ್ರೀತಿಯ ಮಗ ತೇಮೂ,

ಹೇಗಿದ್ದೀಯೋ? ಹಿಮ್ಮಡಿಯ ಗುಳ್ಳೆ ಒಣಗಿತಾ? ನಿನ್ನ ಹೋದ ಪತ್ರದಲ್ಲಿ ಬೂಟು ಕಚ್ಚುತ್ತಿದೆ ಅಂತ ಒಂದೇ ಸಾಲು ಬರೆದು ನಿಲ್ಲಿಸಿಬಿಟ್ಟಿದ್ದೆ. ನಿಮ್ಮಮ್ಮ ಆ ಒಂದು ಸಾಲು ಹಿಡಿದುಕೊಂಡು ನನ್ನ ಪ್ರಾಣ ತಿಂದಳು, ಬೂಟು ಹೊಲಿದವನು ನಾನೇ ಏನೋ ಅನ್ನೋ ಹಾಗೆ. ಕಾಲುಚೀಲ ಎರಡು ಜೊತೆ ಹಾಕಿಕೋ. ಮೇಲಧಿಕಾರಿ ಬಯ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡು, ಎದುರು ಮಾತಾಡಬೇಡ. ನನ್ನ ಕೋಪ ನಿನಗೂ ಬಂದಿದೆ, ಅದೇ ನನಗೆ ಭಯ. ಅನ್ನ ಹೊಟ್ಟೆ ತುಂಬ ಬಡಿಸುತ್ತಾರಾ? ಕೆಮ್ಮು ಹೋಯಿತಾ? ನೀನು ಸೈನ್ಯದ ತರಬೇತಿಗೆ ಸೇರಿದ ದಿನ ತೊಟ್ಟಿದ್ದ ಬಟ್ಟೆ, ಶೂ ಎಲ್ಲ ತುಂಬಿ ಶಿಬಿರದವರು ಕಳಿಸಿದ ಪೆಟ್ಟಿಗೆ ಬಂದು ಮುಟ್ಟಿತು. ಎಲ್ಲ ತಾಯಂದಿರೂ ಆ ಪೆಟ್ಟಿಗೆ ನೋಡಿ ಅಳುತ್ತಾರೆ ಅಂತ ಕೇಳಿದ್ದೆ, ನಿಮ್ಮಮ್ಮನೂ ಅತ್ತಳು, ಆಮೇಲೆ ನನ್ನನ್ನು ಮುಟ್ಟೋಕೂ ಬಿಡದೆ ಅದನ್ನು ನಿನ್ನ ಕೋಣೆಯಲ್ಲಿ ಇಟ್ಟುಕೊಂಡಳು. ಉಳಿದಂತೆ ಅವಳ ಮೊಣಕಾಲು ಇದ್ದ ಹಾಗೇ ಇದೆ, ನನ್ನ ಸೊಂಟವೂ ಇದ್ದ ಹಾಗೇ ಇದೆ. ಪಾಲಕ್ ಈ ಸಲ ಚೆನ್ನಾಗಿ ಬಂದಿದೆ. ಕೆಟ್ಟಿರೋದು ಒಂದೇ, ನನ್ನ ತಲೆ. ಅದನ್ನು ಕೆಡಿಸಿದ್ದು ನೀನು ಹಚ್ಚಿಕೊಟ್ಟು ಹೋದ ಆ ಹಾಳು ಬ್ಲೂಟೂತು.

ನಾನೇನು ಕೇಳಿದ್ದೆನಾ? ಊರ ಸಭಾಮನೆಯ ಮೈಕಿನ ತಂತಿಯನ್ನು ಇಲಿ ಕಡಿದಿತ್ತು, ಹೊಸ ತಂತಿ ತರೋಣ ಅಂದೆ. "ಅಪ್ಪಾ, ಈ ಕಾಲದಲ್ಲಿ ಯಾರು ತಂತಿ ಎಳೀತಾರೆ" ಅಂತ ನಕ್ಕು, ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿಯನ್ನು ಆಂಪ್ಲಿಫೈಯರ್‌ಗೆ ಸಿಗಿಸಿದವನು ನೀನು. ಮೊದಲು ನೀನೇ ನಿನ್ನ ಫೋನಿನಿಂದ ಹಾಡು ಹಾಕಿ ನೋಡಿದೆ, ಆಮೇಲೆ ನನ್ನ ಟ್ಯಾಬ್ಲೆಟ್ ಜೋಡಿಸಿಕೊಟ್ಟೆ. ಸಭಾಮನೆ ನಮ್ಮ ಗೋಡೆಗೆ ಅಂಟಿಕೊಂಡೇ ಇದೆಯಲ್ಲ, ಮನೆಯಲ್ಲಿ ಬೆಚ್ಚಗೆ ಕೂತೇ ಊರಿಗೆಲ್ಲ ಪ್ರಕಟಣೆ ಹೇಳಬಹುದು ಅಂದೆ. "ಆಂಪ್ಲಿಫೈಯರ್ ಮಾತ್ರ ಆರಿಸಬೇಡ" ಅಂತ ತಾಕೀತು ಬೇರೆ. ನೀನು ಹೋದ ಮೇಲೆ ಕೆಲವು ದಿನ ಎಲ್ಲ ಸೊಗಸಾಗಿತ್ತು, ಸುಳ್ಳು ಯಾಕೆ ಹೇಳಲಿ. ಒಳಚಡ್ಡಿಯಲ್ಲಿ ಕೂತು, ಬಾರ್ಲಿ ಚಹಾ ಕುಡಿಯುತ್ತ, ಗ್ಯಾಸ್ ಲಾರಿ ಬರುತ್ತೆ, ಶೀತಜ್ವರದ ಇಂಜೆಕ್ಷನ್ ಹಾಕ್ತಾರೆ ಅಂತ ಹೇಳುತ್ತಿದ್ದೆ. ಈ ಊರಲ್ಲಿ ನನ್ನ ಮಾತನ್ನು ಯಾರಾದರೂ ಕೊನೆತನಕ ಕೇಳೋದು ಮೈಕಿನಲ್ಲಿ ಆಡಿದಾಗ ಮಾತ್ರ. ಮನೆಯಲ್ಲಿ ಯಾರು ಕೇಳ್ತಾರೆ ಹೇಳು. ಅದಕ್ಕೇ ಈ ಊರ ಯಜಮಾನಿಕೆ ಅಂದರೆ ನನಗೆ ಅಷ್ಟು ಆಸೆ, ಬಿಚ್ಚಿ ಹೇಳಿಬಿಡ್ತೀನಿ.

ತಿಂಗಳ ಮೊದಲ ವಾರದಲ್ಲಿ ಶುರುವಾಯಿತು ನೋಡು. ಬೆಳಿಗ್ಗೆ ಆರೂವರೆ, ಇನ್ನೂ ಕತ್ತಲೆ, ಕಂಬಗಳ ಮೇಲಿನ ಸ್ಪೀಕರುಗಳೆಲ್ಲ ಒಟ್ಟಿಗೆ ಟಿಣಿಟಿಣಿ ಟಿಣಿಟಿಣಿ ಅಂತ ಬಡಿದುಕೊಂಡವು. ಊರ ನಾಯಿಗಳೆಲ್ಲ ಊಳಿಟ್ಟವು. ಎಲ್ಲರ ಫೋನಿನಲ್ಲೂ ಇರುವ ಅದೇ ಹಾಳು ಅಲಾರಂ ಸದ್ದು. ನಿಂತಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಟಿಣಿಟಿಣಿ. ಗೇಟಿನ ಹತ್ತಿರ ಮಾ ಚುನ್‌ಬಾಕ್ ಬಂದು ನಿಂತಿದ್ದ. "ಏನ್ರೀ ಯಜಮಾನ್ರೇ, ರಾತ್ರಿಯೆಲ್ಲ ಬಲೆ ಎಳ್ದು ಬಂದು ಈಗಷ್ಟೇ ಕಣ್ಣು ಮುಚ್ಚಿದ್ದೆ. ನಿಮ್ಮ ಟಿಣಿಟಿಣಿಗಿಷ್ಟು ಬೆಂಕಿ ಹಾಕ!" ಅಂದ. ಕ್ಷಮೆ ಕೇಳೋಣ ಅಂತ ಟ್ಯಾಬ್ಲೆಟ್ ತೆಗೆದರೆ, ಜೋಡಣೆ ಆಗಲಿಲ್ಲ ಅನ್ನುತ್ತೆ. ಮತ್ತೆ ಒತ್ತಿದೆ, ಆಗಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಅದೇ ಗೋಳು. ನಡುನಡುವೆ ಹಗಲು ಹೊತ್ತಿನಲ್ಲೂ ಟಿಕ್, ಟಿಕ್ ಅಂತ ಏನೋ ಸದ್ದು. ನನ್ನ ಪ್ರಕಟಣೆ ಮಾತ್ರ ಒಂದು ಶಬ್ದವೂ ಹೊರಗೆ ಹೋಗದು. ಎಲೆಕೋಸಿನ ಕಿಮ್ಚಿ ಹಾಕೋಕೆ ಅಂತ ಊರವರೆಲ್ಲ ಸೇರಿ ತರಿಸಿದ ಉಪ್ಪಿನ ಲಾರಿ ಬಂದು, ಹಾರ್ನ್ ಹೊಡೆದು, ಯಾರೂ ಇಲ್ಲ ಅಂತ ಹೊರಟುಹೋಯಿತು. ನಾನು ಆಗ ಟ್ಯಾಬ್ಲೆಟ್ ಮುಂದೆ "ಉಪ್ಪು ಬಂತು, ಉಪ್ಪು ಬಂತು" ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. ಎಲೆಕೋಸು ಕಡಿದು ರಾಶಿ ಹಾಕಿಕೊಂಡು ಕೂತಿದ್ದ ಹೆಂಗಸರು ನನ್ನನ್ನು ಉಗಿದು ಉಪ್ಪು ಹಾಕಿದರು. ಅದೊಂದು ಉಪ್ಪು ಮಾತ್ರ ನನಗೆ ಸಿಕ್ಕಿದ್ದು.

ಏನೇನು ಮಾಡಲಿಲ್ಲ ಕೇಳು. ಆರಿಸಿ ಹಚ್ಚಿದೆ. ಡಬ್ಬಿಯನ್ನು ಕಿತ್ತು ಮತ್ತೆ ಸಿಗಿಸಿದೆ. ಟ್ಯಾಬ್ಲೆಟ್ ಹಿಡಿದುಕೊಂಡು ಆಂಪ್ಲಿಫೈಯರ್ ಪಕ್ಕದಲ್ಲೇ ಚಾಪೆ ಹಾಸಿ ಕೂತೆ. ಅದರಲ್ಲಿ 'ಮರೆತುಬಿಡು' ಅಂತ ಒಂದು ಗುಂಡಿ ಇದೆಯಲ್ಲ, ಅದನ್ನೂ ಒತ್ತಿದೆ. ಮರೆತದ್ದು ಮರೆತೇ ಹೋಯಿತು, ಪಟ್ಟಿಯಲ್ಲಿ ಹೆಸರೇ ಬಾರದು. ಒಂದು ಸಲ ಯಾವುದೋ ಹೆಸರು ಕಂಡಿತು, ಬಂತಪ್ಪಾ ಅಂತ ಒತ್ತಿ, ತಡೆಯಲಾರದೆ ನಿನ್ನನ್ನೂ ಡಬ್ಬಿ ಮಾಡಿದವನನ್ನೂ ಸೇರಿಸಿ ಬಾಯಿಗೆ ಬಂದ ಹಾಗೆ ಬಯ್ದೆ. ಅದು ಸಭಾಮನೆಯ ಪಕ್ಕದ ಕೋಣೆಯಲ್ಲಿ ಕಾಲು ಕಾಯಿಸಿಕೊಳ್ಳುತ್ತ ಕೂತಿದ್ದ ಹಾದೋಂಗ್ ಅಜ್ಜಿಯ ಹಾಡಿನ ರೇಡಿಯೋ. "ಅಯ್ಯೋ, ನನ್ನ ಪೆಟ್ಟಿಗೆ ನನ್ನೇ ಬಯ್ತಿದೆ ಕಣ್ರೇ!" ಅಂತ ಅಜ್ಜಿ ಅದನ್ನು ಕುತ್ತಿಗೆಯಿಂದ ಕಿತ್ತು ಎಸೆದಳು. ಆ ರೇಡಿಯೋ ರಿಪೇರಿಯೂ ನನ್ನ ತಲೆಗೇ ಬಂತು. ಕೊನೆಗೆ ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ಹುಡುಗಿ ಜೇನಿನಂಥ ದನಿಯಲ್ಲಿ, "ಸರ್, ಹತ್ತಿರದಲ್ಲಿರೋ ಬೇರೆ ಯಾವುದೋ ಫೋನು ಮೊದಲೇ ಅದಕ್ಕೆ ಜೋಡಿಸಿಕೊಂಡುಬಿಟ್ಟಿರಬೇಕು, ಅದನ್ನ ಆರಿಸಿದ್ರೆ ಸಾಕು" ಅಂದಳು. ನಮ್ಮ ಮನೆಯಲ್ಲಿ ಇರೋದೇ ಎರಡು ಫೋನು, ಎರಡನ್ನೂ ಆರಿಸಿ ಆಯಿತು ಅಂದೆ. "ಇನ್ನೊಂದ್ಸಲ ನೋಡಿ ಸರ್" ಅಂದಳು. ನನಗೇನು ಕಣ್ಣಿಲ್ಲವಾ ಅಂತ ರೇಗಿ ಇಟ್ಟುಬಿಟ್ಟೆ.

ಆದರೂ ಅವಳ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಊರವರೆಲ್ಲ ಫೋನು ತಗೊಂಡು ಸಭಾಮನೆಗೆ ಬರಬೇಕು ಅಂತ ಮನೆಮನೆಗೆ ಹೋಗಿ ಹೇಳಿದೆ. ಬಂದರು, ಉದ್ದ ಮೇಜಿನ ಮೇಲೆ ಫೋನುಗಳನ್ನು ಒಣಮೀನಿನ ಹಾಗೆ ಸಾಲಾಗಿ ಹರಡಿದರು. ನಿಮ್ಮಮ್ಮನೂ ಬಂದು ಗಂಭೀರವಾಗಿ ತನ್ನದನ್ನು ಸಾಲಿನ ಕೊನೆಗೆ ಇಟ್ಟಳು. ಎಲ್ಲವನ್ನೂ ಆರಿಸೋಕೆ ಹೇಳಿದೆ. ನಾನು ಟ್ಯಾಬ್ಲೆಟ್ ಒತ್ತುವ ಹೊತ್ತಿಗೆ ಸರಿಯಾಗಿ ತಲೆ ಮೇಲಿನ ಸ್ಪೀಕರಿನಲ್ಲಿ ಟಿಕ್ ಅಂತು. ಒಬ್ಬೊಬ್ಬರೂ ಬಿದ್ದು ಬಿದ್ದು ನಕ್ಕರು ನೋಡು, ನನ್ನ ಮಾನ ಮರ್ಯಾದೆ ಅಲ್ಲೇ ಹೋಯಿತು. ಮಾ ಚುನ್‌ಬಾಕ್ ಮಾತ್ರ ನಗಲಿಲ್ಲ. ವರ್ಷದ ಕೊನೆಯ ಊರಸಭೆ ಮಂಗಳವಾರ ಇದೆ, ಅಲ್ಲಿ ಯಜಮಾನನನ್ನು ಬದಲಾಯಿಸೋಣ, ಮೈಕು ಕೂಡ ಕೇಳದವನ ಮಾತನ್ನು ನಾವು ಯಾಕೆ ಕೇಳಬೇಕು ಅಂದ. ಎಲ್ಲರೂ ತಲೆ ಆಡಿಸಿದರು. ನಿಮ್ಮಮ್ಮ ತನ್ನ ಫೋನು ಎತ್ತಿಕೊಂಡು, ಒಲೆ ಮೇಲೆ ಸಾರು ಇದೆ ಅಂತ ಹೊರಟುಹೋದಳು.

ಸಭೆಯ ದಿನ ಬೆಳಿಗ್ಗೆ ನಿದ್ದೆ ಇಲ್ಲದೆ ಕೂತಿದ್ದೆ. ಆರೂವರೆಗೆ ಸರಿಯಾಗಿ ಶುರುವಾಯಿತು. ಹಲ್ಲು ಕಚ್ಚಿಕೊಂಡು ಕೇಳಿದೆ. ನಿಂತಿತು. ಐದು ನಿಮಿಷಕ್ಕೆ ಮತ್ತೊಂದು. ಮತ್ತೆ ಐದು ನಿಮಿಷಕ್ಕೆ ಮೂರನೆಯದು. ನಾಲ್ಕನೆಯದು ಬಡಿದಾಗ ನನ್ನ ಬಾಯಿಂದ ತಾನೇ ತಾನಾಗಿ "ಏಳೋ ಸೋಮಾರಿ, ಬಸ್ಸು ಹೋಗುತ್ತೆ!" ಅಂತ ಬಂದುಬಿಟ್ಟಿತು. ವರ್ಷಗಟ್ಟಲೆ ದಿನಾ ಕೂಗಿದ ಮಾತು. ನಾಲ್ಕು ಸಲ ಅಲಾರಂ ಬಡಿಯದೆ ಏಳದ ಮನುಷ್ಯ ಈ ಊರಿನಲ್ಲಿ ಒಬ್ಬನೇ. ಪಟ್ಟಣಕ್ಕೆ ಹೋಗುವ ಮೊದಲ ಬಸ್ಸಿಗೆ ಓಡುತ್ತಿದ್ದವನು, ಇನ್ಯಾರು.

ನಿನ್ನ ಕೋಣೆಯ ಬಾಗಿಲು ತಳ್ಳಿದೆ. ನಿಮ್ಮಮ್ಮ ನೆಲದ ಮೇಲೆ ಆ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತಿದ್ದಳು. ನಿನ್ನ ಬಟ್ಟೆ ಮಡಿಸಿದ್ದು ಮಡಿಸಿದ ಹಾಗೇ, ಒಗೆದಿಲ್ಲ. ಅದರ ಮೇಲೆ ನಿನ್ನ ಫೋನು, ಚಾರ್ಜರ್ ಸಮೇತ. ಹಗಲಿನ ಆ ಟಿಕ್ ಟಿಕ್ಕೂ ಅದಕ್ಕೆ ಬರುತ್ತಿದ್ದ ಸಂದೇಶಗಳದ್ದೇ. ನೀನು ಅದನ್ನು ಆರಿಸದೆಯೇ ಶೂ ಒಳಗೆ ತುರುಕಿ ಕಳಿಸಿದ್ದೆಯಂತೆ, ಅದು ಸಾಯುವ ಮೊದಲೇ ಇವಳು ಚಾರ್ಜರ್ ಹಾಕಿದಳಂತೆ, ನನಗೆ ಯಾರು ಹೇಳಿದ್ದರು? ಇದು ಅಲಾರಂ ಅಂತ ಗೊತ್ತಾ ನಿನಗೆ ಅಂತ ಅವಳನ್ನು ಕೇಳಿದೆ. ಗೊತ್ತು ಅಂದಳು. ಮೈಕಿನಲ್ಲಿ ಬರುತ್ತಿದೆ ಅಂತ ಗೊತ್ತಾ ಅಂದೆ. "ಎರಡನೇ ದಿನವೇ ಗೊತ್ತಾಯ್ತು" ಅಂದಳು. ನನಗೆ ಹೇಗಾಗಿರಬೇಡ! ಗಂಡನನ್ನು ಊರಿಗೆ ಊರೇ ಬಯ್ಯುತ್ತಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಳೆ, ಮೇಜಿನ ಮೇಲೆ ಫೋನು ಬೇರೆ ಇಟ್ಟು ನಾಟಕ. ಮೈಯೆಲ್ಲ ಉರಿದುಹೋಯಿತು. ಕೂಗಾಡಿದೆ. ಅವಳು ತಣ್ಣಗೆ, "ಆರೂವರೆಗೆ ಅಲ್ಲಿ ಅವನನ್ನ ಎಬ್ಬಿಸ್ತಾರೆ. ಇದು ಬಡ್ಕೊಂಡಾಗ, ಈಗ ಎದ್ದ, ಈಗ ಬೂಟು ಕಟ್ಕೊಂಡ ಅಂತ ನಂಗೆ ಗೊತ್ತಾಗುತ್ತೆ. ನಿಮ್ಮ ಯಜಮಾನಿಕೆ ಹೋದ್ರೆ ಹೋಗ್ಲಿ. ಬೇಕಾದ್ರೆ ನೀವೇ ಆರಿಸಿ, ನನ್ನ ಕೈಲಾಗಲ್ಲ" ಅಂತ ಫೋನನ್ನು ನನ್ನ ಕೈಗಿಟ್ಟಳು. ಬ್ಲೂಟೂತ್ ಒಂದನ್ನೇ ಆರಿಸೋಣ ಅಂದರೆ ಅದು ಬೀಗ ಹಾಕಿಕೊಂಡಿದೆ, ಪೂರ್ತಿ ಆರಿಸುವುದೊಂದೇ ದಾರಿ. ಬೆರಳು ಗುಂಡಿಯ ಮೇಲೆ ಇಟ್ಟೆ. ಪರದೆ ಬೆಳಗಿತು. ಅದರ ಮೇಲೆ ನನ್ನ ಫೋಟೋ, ಹುಬ್ಬು ಗಂಟಿಕ್ಕಿಕೊಂಡು ಟ್ಯಾಬ್ಲೆಟ್ ಕುಟ್ಟುತ್ತಿದ್ದೇನೆ. ಕಳ್ಳ, ಯಾವಾಗ ತೆಗೆದೆಯೋ ಅದನ್ನು? ಅಷ್ಟು ಗೆಳೆಯರಿದ್ದಾರೆ, ಅಷ್ಟು ನಟಿಯರಿದ್ದಾರೆ, ದಿನಾ ನೋಡೋಕೆ ನಿನಗೆ ಈ ಮುಸುಡಿಯೇ ಬೇಕಿತ್ತಾ? ನನಗೆ ಆರಿಸಲಾಗಲಿಲ್ಲ ಮಗಾ. ಫೋನನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟು, ಸಭೆಗೆ ಇಸ್ತ್ರಿ ಅಂಗಿ ಎಲ್ಲಿದೆ ಅಂತ ಕೇಳಿದೆ.

ಸಭೆಯಲ್ಲಿ ಟ್ಯಾಬ್ಲೆಟ್ ಕೆಟ್ಟಿದೆ ಅಂತ ಹೇಳಿ ಕೈತೊಳೆದುಕೊಳ್ಳೋಣ ಅಂದುಕೊಂಡೇ ಹೋದೆ. ಎದ್ದು ನಿಂತರೆ ಬಾಯಿಗೆ ನಿಜವೇ ಬಂತು. ಪೆಟ್ಟಿಗೆ, ಚಾರ್ಜರ್, ನಾಲ್ಕು ಅಲಾರಂ, ಎಲ್ಲ ಹೇಳಿದೆ. ಯಜಮಾನಿಕೆ ಬೇರೆಯವರಿಗೆ ಕೊಡಿ, ಫೋನು ಮಾತ್ರ ನನ್ನಿಂದ ಆರಿಸೋಕಾಗಲ್ಲ ಅಂತಲೂ ಹೇಳಿ ಕೂತುಬಿಟ್ಟೆ. ಹಾದೋಂಗ್ ಅಜ್ಜಿ ತೋಳಿನಲ್ಲೇ ಮೂಗು ಒರೆಸಿಕೊಂಡು, "ಬಿಡ್ರಪ್ಪಾ, ಮಗು ಎದ್ದ ಅಂತ ನಮಗೂ ಗೊತ್ತಾಗ್ಲಿ" ಅಂದಳು. ಮಾ ಚುನ್‌ಬಾಕ್ ಎದ್ದು ನಿಂತ. ಅವನ ಮಗನೂ ಗಡಿಯ ಹತ್ತಿರ ಸೇವೆ ಮುಗಿಸಿ ಬಂದವನಲ್ಲವಾ. "ಸರಿ, ಇಟ್ಕೊಳ್ಳಿ. ಆದ್ರೆ ನಾಲ್ಕು ಸಲ ಯಾಕ್ರೀ? ಸೈನ್ಯದಲ್ಲಿ ಒಂದೇ ಸಲ ಎಬ್ಬಿಸೋದು!" ಅಂದ. ಆಗ ನಕ್ಕರು. ಯಜಮಾನಿಕೆ ನನಗೇ ಉಳಿಯಿತು, ಆದರೆ ನಿನ್ನ ತರಬೇತಿ ಮುಗಿಯುವ ತನಕ ಪ್ರಕಟಣೆಗಳನ್ನೆಲ್ಲ ನಾನು ಊರು ಸುತ್ತಿ ಹೇಳಬೇಕಂತೆ, ಮಾ ಚುನ್‌ಬಾಕ್ ಮೀನು ಮಾರೋಕೆ ಇಟ್ಟುಕೊಂಡಿರುವ ಕೈಮೈಕಿನಲ್ಲಿ. ಅದರ ಗುಂಡಿ ಒತ್ತಿದರೆ ಮೊದಲು "ತಾಜಾ ಬಂಗುಡೆ, ತಾಜಾ ಬಂಗುಡೆ" ಅಂತ ಅವನ ದನಿ ಬರುತ್ತೆ, ಆಮೇಲೆ ನನ್ನದು. ನಿನ್ನೆ ಗ್ಯಾಸ್ ಲಾರಿ ಬಂತು ಅಂತ ಕೂಗಿದರೆ ನಾಲ್ಕು ಜನ ಹೆಂಗಸರು ಪಾತ್ರೆ ಹಿಡಿದುಕೊಂಡು ಬಂದರು. ನನ್ನ ಗತಿ ನೋಡು.

ತರಬೇತಿ ಮುಗಿಯುವ ದಿನ ಇಬ್ಬರೂ ಬರುತ್ತೇವೆ. ನಿಮ್ಮಮ್ಮ ಪಕ್ಕೆಲುಬಿನ ಮಾಂಸ ಬೇಯಿಸಿ ತರುತ್ತಾಳಂತೆ, ಈಗಲೇ ಡಬ್ಬಿ ತೊಳೆದು ಇಟ್ಟಿದ್ದಾಳೆ. ಅಲ್ಲಿಯವರೆಗೆ ಕಾಲು ಬೆಚ್ಚಗಿರಲಿ, ಮೈಯಲ್ಲಿ ಕಸುವಿರಲಿ, ಒಂದೇ ಸಲಕ್ಕೆ ಏಳುವ ಬುದ್ಧಿಯನ್ನೂ ಆ ಶಿಬಿರ ಕೊಡಲಿ. ಹಾದೋಂಗ್ ಅಜ್ಜಿ ನಿನ್ನ ತಲೆ ಸವರಿದ್ದೇನೆ ಅಂತ ಬರೆಯೋಕೆ ಹೇಳಿದಳು, ಬರೆದಿದ್ದೇನೆ.

ಮೀನು ಮಾರುವವನ ದನಿಯ ಹಿಂದೆ ಓಡಾಡುತ್ತಿರುವ ನಿನ್ನ ಅಪ್ಪ,
ಪ್ಯೋ ದೊಕ್‌ಗಿಲ್

ಅವಸರದಲ್ಲಿ: ಶುಕ್ರವಾರ ಬೆಳಿಗ್ಗೆ, ಅಂಚೆಯವನು ಗೇಟಿನಲ್ಲಿ ಕಾಯುತ್ತಿದ್ದಾನೆ. ರಾತ್ರಿ ಗಾಳಿಗೆ ಕರೆಂಟು ಹೋಗಿ ನಿನ್ನ ಫೋನು ಸತ್ತುಹೋಗಿತ್ತು, ಅದರ ಬ್ಯಾಟರಿ ನಿನಗಿಂತ ಸೋಮಾರಿ. ಇವತ್ತು ಆರೂವರೆಗೆ ಏನೂ ಬಡಿಯಲಿಲ್ಲ. ಇನ್ನೂ ಏಳು ಗಂಟೆಯಾಗಿರಲಿಲ್ಲ, ಮಾ ಚುನ್‌ಬಾಕ್ ಒಳಚಡ್ಡಿಯಲ್ಲೇ ಓಡಿಬಂದು ಬಾಗಿಲು ಬಡಿದ. "ಹುಡುಗನಿಗೆ ಏನಾದ್ರೂ ಆಯ್ತಾ?" ಅಂದ. ಅವನ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಅರ್ಧ ಊರು. ಈಗ ಫೋನು ಹಚ್ಚಿದ್ದೇವೆ, ಆದರೆ ಒಂಬತ್ತು ಚುಕ್ಕೆ ತೋರಿಸಿ ಗೆರೆ ಎಳಿ ಅನ್ನುತ್ತೆ. ಒಮ್ಮೆ ಸತ್ತು ಎದ್ದ ಮೇಲೆ ಬೀಗ ತೆಗೆಯದೆ ಡಬ್ಬಿಗೆ ಜೋಡಿಸಿಕೊಳ್ಳುವುದಿಲ್ಲವಂತೆ. ಎಲ್ಲರೂ ಒಂದೊಂದು ಗೆರೆ ಎಳೆದು ನೋಡಿದರು, ಆಗಲಿಲ್ಲ. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ, ಆ ಗೆರೆ ಯಾವ ಚುಕ್ಕೆಯಿಂದ ಯಾವ ಚುಕ್ಕೆಗೆ ಅಂತ ಚಿತ್ರ ಬಿಡಿಸಿ ಈ ಪತ್ರ ಸಿಕ್ಕ ದಿನವೇ ಕಳಿಸು. ಅದು ಬರುವ ತನಕ ದಿನಾ ಆರೂವರೆಗೆ ನಾನೇ ಆ ಕೈಮೈಕು ಹಿಡಿದು ಟಿಣಿಟಿಣಿ ಅಂತ ಕೂಗಬೇಕಂತೆ, ನಾಲ್ಕು ಸಲ. ನಿಮ್ಮಮ್ಮನ ಆಜ್ಞೆ. ನಾಳೆಯಿಂದ ಶುರು.