ಹಿಮಕ್ಕೊಂದು ನೊವೆನಾ

2 ಡಿಸೆಂಬರ್ 2008, ಮಂಗಳವಾರ. ಸಂಜೆ

ಅಲ್ಲಿ ಇವತ್ತೂ ಮಳೆಯೇ. ಗೋಡೌನಿನಿಂದ ಬಂದವನು ಬಟ್ಟೆ ಬದಲಿಸದೆ ಕಂಪ್ಯೂಟರ್ ಮುಂದೆ ಕೂತೆ. ನಮಗೆ ಇಲ್ಲಿ ದೋಹಾದಲ್ಲಿ ಸಂಜೆ ಐದಾದಾಗ ಕೆನಡಾದ ಆ ಬೆಟ್ಟದಲ್ಲಿ ಬೆಳಗಾಗುತ್ತದೆ. ಸ್ಕೀ ರೆಸಾರ್ಟಿನವರು ದಿನದ ಸ್ನೋ ರಿಪೋರ್ಟ್ ಹಾಕುತ್ತಾರೆ. ‘ತುದಿಯವರೆಗೂ ಮಳೆ. ಲಿಫ್ಟ್ ಬಂದ್.’

ಸಮುದ್ರದ ಪಕ್ಕದ ಬೆಟ್ಟ ಅದು. ಗಾಳಿ ಸ್ವಲ್ಪ ಬೆಚ್ಚಗಾದರೂ ಹಿಮವಾಗಬೇಕಾದ್ದೆಲ್ಲ ಮಳೆಯಾಗಿ ಹರಿದುಹೋಗುತ್ತದೆ. ಯಾವ ಎತ್ತರದಿಂದ ಮೇಲೆ ಹಿಮವೋ, ಅದಕ್ಕೆ ಫ್ರೀಜಿಂಗ್ ಲೆವೆಲ್ ಅನ್ನುತ್ತಾರೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ಈ ವಯಸ್ಸಿನಲ್ಲಿ ಇದನ್ನೆಲ್ಲ ಕಲಿಯುತ್ತಿದ್ದೇನೆ.

ಕಲಿಯದೆ ಏನು ಮಾಡಲಿ. ಅಕ್ಕ ಸೆಲೆಸ್ಟಿನಳ ಮಗ ನೆವಿಲ್ ಅಲ್ಲಿಯ ಹೋಟೆಲಿನಲ್ಲಿ ಕುಕ್. ಹಿಮವಿಲ್ಲದಿದ್ದರೆ ಗಿರಾಕಿಯಿಲ್ಲ. ಕ್ರಿಸ್ಮಸ್ ಒಳಗೆ ಬೀಳದಿದ್ದರೆ ಹೊಸಬರಿಗೆಲ್ಲ ಖಲಾಸ್. ಅವನ ಕೆಲಸ ಹೋದರೆ ಹೆಂಡತಿ ಜೋಆನ್ ಅಲ್ಲಿಗೆ ಹೋಗುವ ಪೇಪರ್ಸೂ ನಿಂತ ಹಾಗೆ. ಅವಳು ನಮ್ಮ ಜೊತೆಗೇ, ಅಲ್ ಹಿಲಾಲಿನ ಈ ಫ್ಲ್ಯಾಟಿನಲ್ಲಿ. ಕ್ಲಿನಿಕ್ಕಿನಲ್ಲಿ ನರ್ಸ್. ಮದುವೆಯಾದ ಮೇಲೆ ಗಂಡನ ಜೊತೆ ಇದ್ದದ್ದು ಒಂದೇ ಒಂದು ರಜೆ...

5 ಡಿಸೆಂಬರ್, ಶುಕ್ರವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ಪ್ರಾರ್ಥನಾ ಕೂಟದವರು ನಮ್ಮಲ್ಲಿಗೆ ಬಂದರು. ಚಹಾ ಕೊಡುತ್ತಾ ಪರ್ಲ್ ಹೇಳಿಯೇಬಿಟ್ಟಳು — ಇವತ್ತಿನಿಂದ ಒಂಬತ್ತು ದಿನ ಹಿಮ ಬೀಳಲೆಂದು ನೊವೆನಾ ಪ್ರಾರ್ಥನೆ. ಬಿದ್ದರೆ ಊರಿನಲ್ಲಿ ಅತ್ತೂರು ಚರ್ಚಿನ ಜನವರಿಯ ಹಬ್ಬಕ್ಕೆ ಮೇಣದಬತ್ತಿಯ ಹರಕೆ. ನನ್ನನ್ನು ಕೇಳಿಲ್ಲ. ನನ್ನ ಹೆಂಡತಿ ಯಾವತ್ತು ಕೇಳಿದ್ದಾಳೆ!

ಕೂಟ ನಡೆಸುವ ಥಿಯೋಡೋರ್ ಪುಸ್ತಕ ತಿರುವಿ ಹಾಕಿದ. “ಪರ್ಲ್ ಬಾಯಿ, ಮಳೆಗೆ ಪ್ರಾರ್ಥನೆ ಉಂಟು. ಹಿಮಕ್ಕೆ ಎಲ್ಲಿಂದ ತರುದು?”

“ಮಳೆ ಅಂತ ಇದ್ದಲ್ಲಿ ಹಿಮ ಅಂತ ಓದಿ. ದೇವರಿಗೆ ಗೊತ್ತಾಗುದಿಲ್ವಾ?”

ಎಲ್ಲರೂ ನಕ್ಕರು. ಓದುವಾಗ ಮಾತ್ರ ಯಾರೂ ನಗಲಿಲ್ಲ. ಜೋಆನಳ ಸ್ವರವೇ ಎಲ್ಲಕ್ಕಿಂತ ಮೇಲೆ.

ಸುದ್ದಿ ಕೆಳಗಿನ ಅಂಗಡಿಗೂ ಮುಟ್ಟಿದೆ. ಶಾಹುಲ್ ಹಮೀದ್ ಉಳ್ಳಾಲದವರು, ಬಾಯಿಗೆ ಬೀಗವಿಲ್ಲ. “ಎಂತ ಆಲ್ಬರ್ಟಣ್ಣ, ಇಲ್ಲಿ ಒಂದು ಹನಿಗೆ ಗತಿಯಿಲ್ಲ, ನೀವು ಹಿಮಕ್ಕೆ ಆರ್ಡರ್ ಹಾಕಿದ್ರಂತೆ! ಹಾಗೇ ಒಂದು ಕಿಲೋ ದೋಹಾಕ್ಕೂ ಹೇಳಿ ಮಾರಾಯ್ರೆ, ನನ್ನ ಫ್ರೀಜರ್ ಹಾಳಾಗಿದೆ.”

14 ಡಿಸೆಂಬರ್, ಭಾನುವಾರ

ಬಿತ್ತು! ರಾತ್ರಿ ಕಳೆಯುವುದರೊಳಗೆ ಮೊಣಕಾಲುದ್ದ. ಫ್ರೀಜಿಂಗ್ ಲೆವೆಲ್ ಸಮುದ್ರಮಟ್ಟಕ್ಕೇ ಇಳಿದಿದೆ. ನೊವೆನಾ ಮುಗಿದದ್ದು ನಿನ್ನೆ. ಪರ್ಲ್ ಮನೆಯಲ್ಲಿ ಸಂತಳ ಹಾಗೆ ಓಡಾಡುತ್ತಿದ್ದಾಳೆ.

ನೆವಿಲ್ ಫೋನ್ ಮಾಡಿದ. “ಮಾಮ, ಸಾಕು ಮಾಡ್ಲಿಕ್ಕೆ ಹೇಳಿ ಮಾಮಿಗೆ. ಕಿಚನ್ ಬಾಗಿಲು ತೆಗೀಲಿಕ್ಕೆ ಆಗುದಿಲ್ಲ!” ಆಮೇಲೆ ಜೋಆನಳ ಜೊತೆ ಮಾತು. ಅವಳು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ನಾವಿಬ್ಬರೂ ಟಿವಿಯ ಸೌಂಡ್ ಏರಿಸಿದೆವು.

24 ಡಿಸೆಂಬರ್

ಕ್ರಿಸ್ಮಸ್ಸಿಗೆ ಹಂಚುವ ಕುಸ್ವಾರಿನ ತಿಂಡಿಗಳೆಲ್ಲ ಆದವು. ಹೋಟೆಲ್ ಫುಲ್ ಅಂತೆ. ನೆವಿಲನ ಕೆಲಸ ಗಟ್ಟಿ. ರಿಪೋರ್ಟಿನಲ್ಲಿ ವಿಂಟರ್ ಸ್ಟಾರ್ಮ್ ವಾರ್ನಿಂಗ್. ಅದರ ಪಕ್ಕದಲ್ಲೇ ‘ಸ್ಕೀ ಪ್ರಿಯರಿಗೆ ಕ್ರಿಸ್ಮಸ್ ಗಿಫ್ಟ್’. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಎಚ್ಚರಿಕೆ. ಪೂರ್ತಿ ಓದಲಿಲ್ಲ, ಪರ್ಲ್ ಎಣ್ಣೆಯ ಬಾಣಲೆ ಇಳಿಸಲು ಕರೆದಳು.

2 ಜನವರಿ 2009, ಶುಕ್ರವಾರ

ಪೆನ್ ಹಿಡಿಯಲು ಆಗಿರಲಿಲ್ಲ.

ಮಂಗಳವಾರ ನೆವಿಲನಿಗೆ ರಜೆ. ರೂಮಿನ ಗೆಳೆಯನ ಜೊತೆ ಹಿಮದಲ್ಲಿ ನಡೆಯುವ ಅಗಲದ ಮೆಟ್ಟು ಕಟ್ಟಿಕೊಂಡು ರೆಸಾರ್ಟಿನ ಗಡಿಯ ಹಗ್ಗ ದಾಟಿ ಮೇಲೆ ಹೋಗಿದ್ದಾನೆ. ಇಳಿಜಾರಿನ ಹಿಮ ಇಡಿಯಾಗಿ ಕುಸಿದು ಬಂತು. ಗೆಳೆಯನನ್ನು ಅಗೆದು ತೆಗೆದರು. ನೆವಿಲ್ ಸಿಗಲಿಲ್ಲ.

ಹೋಟೆಲಿನ ಮ್ಯಾನೇಜರ್ ಹೇಳಿದ್ದು — ಹೊಸ ಹಿಮ ಹಳೆಯ ಪದರಕ್ಕೆ ಅಂಟಿಕೊಂಡಿಲ್ಲ. ಇನ್ನೂ ಬೀಳುತ್ತಿದೆ. ಹುಡುಕುವವರ ಮೇಲೂ ಕುಸಿಯಬಹುದು. ಬಿರುಗಾಳಿ ನಿಂತು ಆಕಾಶ ತೆರವಾದರೆ ಮಾತ್ರ ನಾಯಿಗಳನ್ನು ಕರೆದುಕೊಂಡು ಮತ್ತೆ ಹೋಗುತ್ತಾರೆ.

ಸಂಜೆ ಅದೇ ಪೇಜ್ ತೆರೆದೆ. ‘ಸೀಸನ್ನಿನ ಅತ್ಯುತ್ತಮ ದಿನ! 41 ಸೆಂಟಿಮೀಟರ್ ಹೊಸ ಹಿಮ!’

ಅಷ್ಟೂ ಅವನ ಮೇಲೆ.

4 ಜನವರಿ

ಜೋಆನ್ ಅಳುವುದಿಲ್ಲ. ಡ್ಯೂಟಿಗೂ ಹೋಗುತ್ತಾಳೆ. ಅಲ್ಲಿಗೆ ಹೋಗಲು ವೀಸಾ ಇಲ್ಲ, ಕೂತು ಕಾಯಲು ಅವಳಿಂದ ಆಗುವುದಿಲ್ಲ. ಬಂದವಳೇ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂರುತ್ತಾಳೆ.

“ಜೀವದ ಮಾತು ಬೇಡ ಮಾಮ. ನಾನು ನರ್ಸ್. ನನಗೆ ಅವನು ಸಿಕ್ಕಿದರೆ ಸಾಕು.”

ರಿಪೋರ್ಟಿನಲ್ಲಿ ಬುಧವಾರದ ಮೇಲೆ ಸೂರ್ಯನ ಚಿತ್ರ ಇದೆ. ಅರ್ಧ ಸೂರ್ಯ, ಅರ್ಧ ಮೋಡ. ಇಬ್ಬರೂ ಅದನ್ನೇ ನೋಡಿದೆವು. ದೇವರ ಪಟವನ್ನೂ ಅಷ್ಟು ಹೊತ್ತು ನೋಡಿದವನಲ್ಲ ನಾನು.

6 ಜನವರಿ

ಕೂಟದವರು ಬಂದರು. ಥಿಯೋಡೋರ್ ಪುಸ್ತಕ ಬಿಡಿಸಿ ಕೂತ. “ಏನಂತ ಕೇಳುದು?”

“ನಿಲ್ಲಿಸು ಅಂತ ಕೇಳಿ,” ಅಂದಳು ಜೋಆನ್. “ಬೀಳ್ಲಿ ಅಂದದ್ದೂ ನಾವೇ ಅಲ್ವಾ?”

ಪರ್ಲ್ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟಳು. ಎಲ್ಲರೂ ಹೋಗುವವರೆಗೆ ನೀರು ಹರಿಯುತ್ತಲೇ ಇತ್ತು.

ಅಕ್ಕಿಗೆಂದು ಕೆಳಗಿಳಿದಾಗ ಶಾಹುಲ್ ಹಮೀದ್ ತಕ್ಕಡಿ ಬಿಟ್ಟು ಹೊರಗೆ ಬಂದರು. “ನಾನೂ ದುವಾ ಮಾಡ್ತೇನೆ ಆಲ್ಬರ್ಟಣ್ಣ. ಎಂತ ಕೇಳ್ಬೇಕು ಹೇಳಿ... ಬಿಸಿಲಾ?”

ಹೌದು ಅಂದೆ. ಬಿಸಿಲು.

9 ಜನವರಿ

ಬುಧವಾರ ಬಿಸಿಲು ಬಂತು. ಮಧ್ಯಾಹ್ನದವರೆಗೆ. ಎರಡು ನಾಯಿ, ಹಿಮ ಚುಚ್ಚಿ ನೋಡುವ ಉದ್ದ ಸರಳು ಹಿಡಿದ ಜನ. ಒಂದು ಕಾಲಿನ ಮೆಟ್ಟು ಮಾತ್ರ ಸಿಕ್ಕಿತು. ಆಮೇಲೆ ಗಾಳಿ ಬೆಚ್ಚಗಾಗಿ ಮಳೆ, ಮಳೆಯ ಬೆನ್ನಿಗೆ ಚಳಿ. ನೆನೆದ ಹಿಮವೆಲ್ಲ ಹೆಪ್ಪುಗಟ್ಟಿ ಸಿಮೆಂಟಿನ ಹಾಗೆ ಆಗಿದೆಯಂತೆ. ಅದರ ಮೇಲೆ ಮತ್ತೆ ಹೊಸದು.

ಮ್ಯಾನೇಜರ್ ಒಳ್ಳೆಯ ಮನುಷ್ಯ. ಮೆಲ್ಲಗೆ ಹೇಳಿದ — ಇನ್ನು ಹಿಮ ಕರಗಿದ ಮೇಲೆಯೇ. ಏಪ್ರಿಲ್ ಆಗಬಹುದು. ಜೋಆನ್ ಸ್ಪೀಕರಿನಲ್ಲಿ ಕೇಳಿಸಿಕೊಂಡಳು. ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿದಳು. ಕ್ಯಾಲೆಂಡರಿನಲ್ಲಿ ಏಪ್ರಿಲ್ ತಿರುವಿ ನೋಡಿ ಮತ್ತೆ ಜನವರಿ ಮಾಡಿದಳು.

28 ಜನವರಿ

ಊರಿನಿಂದ ಅಕ್ಕನ ಫೋನ್. ನಿನ್ನೆ ಅತ್ತೂರಿಗೆ ಹೋಗಿದ್ದಳಂತೆ. ನೂಕುನುಗ್ಗಲಿನಲ್ಲಿ ನಿಂತು ಪರ್ಲಳ ಹೆಸರಿನ ಮೇಣದಬತ್ತಿ ಹಚ್ಚಿ ಬಂದಳಂತೆ.

“ಅಕ್ಕಾ, ಅದನ್ನ ಯಾಕೆ... ಯಾರು ಹೇಳಿದ್ರು ನಿನಗೆ?”

“ಹಿಮ ಕೇಳಿದ್ರಿ, ಹಿಮ ಕೊಟ್ಟ. ಹರಕೆ ಬಾಕಿ ಇಡ್ಲಿಕ್ಕಾಗ್ತದಾ ಆಲ್ಬರ್ಟ್?” ಆಮೇಲೆ — “ಪಾದ್ರಿಗಳು ಕೇಳ್ತಾರೆ, ನೆವಿಲನ ಹೆಸರು ಯಾವ ಪೂಜೆಯಲ್ಲಿ ಓದ್ಬೇಕು ಅಂತ. ಬದುಕಿದವರದ್ದಾ, ಸತ್ತವರದ್ದಾ. ಎಂತ ಹೇಳ್ಲಿ?”

ಅವಳನ್ನು ಸಮಾಧಾನ ಮಾಡುವ ತಮ್ಮ ನಾನು. ವಾರ ವಾರ ನಾಲ್ಕು ಹಾಳೆ ಕಾಗದ ಬರೆಯುತ್ತಿದ್ದವನು. ಲೈನ್ ಸರಿಯಿಲ್ಲ ಎಂದು ಫೋನ್ ಇಟ್ಟೆ.

6 ಮಾರ್ಚ್, ಶುಕ್ರವಾರ. ಸಂಜೆ

ಇಲ್ಲಿ ಆಗಲೇ ಸೆಕೆ. ಗೋಡೌನಿನಲ್ಲಿ ಏಸಿಯ ಬಿಡಿಭಾಗಗಳಿಗೆ ಜನ ಸಾಲು ನಿಂತಿದ್ದಾರೆ. ಪರ್ಲ್ ಪೂಜೆಗೆ ಬರುತ್ತಾಳೆ, ಬಾಯಿ ತೆರೆಯುವುದಿಲ್ಲ.

ಅಲ್ಲಿ ಇನ್ನೂ ಬೀಳುತ್ತಿದೆ. ಇವತ್ತಿನ ರಿಪೋರ್ಟಿನ ನೆತ್ತಿಯಲ್ಲಿ ದೊಡ್ಡ ಅಕ್ಷರ — ‘ಸಿಹಿ ಸುದ್ದಿ! ಈ ವರ್ಷದ ಹಿಮ ಬೇಗ ಕರಗುವುದಿಲ್ಲ. ಸೀಸನ್ ಮೇ ಕೊನೆಯವರೆಗೆ.’

ಪೇಜ್ ಮುಚ್ಚಬೇಕೆಂದಿದ್ದೆ. ಡ್ಯೂಟಿಯಿಂದ ಬಂದ ಜೋಆನ್ ಆಗಲೇ ಬೆನ್ನ ಹಿಂದೆ ನಿಂತು ಓದಿಯಾಗಿತ್ತು. ಚಪ್ಪಲಿಯನ್ನೂ ಬಿಚ್ಚಿರಲಿಲ್ಲ.

“ಹಾಗಾದ್ರೆ ಜೂನಾ, ಮಾಮ?”

ನಾನು ಎದ್ದು ಕ್ಯಾಲೆಂಡರಿನಲ್ಲಿ ಜೂನ್ ತಿರುವಿದೆ.