ಕೊನೆಯ ನಂಬರಿಗೆ ಇಳಿದ ಹಾಡು

ವಡಾಲ, ಮುಂಬಯಿ
19-8-1974, ಸೋಮವಾರ

ಪುಟ್ಟಿಯ ಅಪ್ಪನಿಗೆ ಸೇವಂತಿಯ ನಮಸ್ಕಾರ.

ಹೀಗೆ ಕರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದುಕೊಂಡು ಕೂತಿದ್ದೆ. ನಿಮ್ಮ ಹೆಸರು ಬರೆಯಲು ಕೈ ಬರುವುದಿಲ್ಲ. ಪುಟ್ಟಿ ಹುಟ್ಟಿದ ಮೇಲೆ ನಿಮ್ಮನ್ನು ಬೇರೆ ರೀತಿಯಲ್ಲಿ ಕರೆದವಳೂ ಅಲ್ಲ. ಅವಳು ಹೋಗಿ ಆರು ತಿಂಗಳಾಯಿತು, ಆದರೆ ನೀವು ಅವಳ ಅಪ್ಪ ಎಂಬುದು ಹೋಗುವುದಿಲ್ಲವಲ್ಲ. ನಮ್ಮ ಮಾತೆಲ್ಲ ತುಳುವಿನಲ್ಲಿ, ಜಗಳವೂ ತುಳುವಿನಲ್ಲೇ. ಈಗ ನಿಮಗೆ ಕನ್ನಡದಲ್ಲಿ ಬರೆಯುವಾಗ ಯಾವುದೋ ಸಾಹೇಬರಿಗೆ ಅರ್ಜಿ ಬರೆದ ಹಾಗಾಗುತ್ತಿದೆ. ಆದರೂ ಬರೆಯುತ್ತೇನೆ. ಬಾಯಲ್ಲಿ ಹೇಳಿದರೆ ನಿಮಗೆ ಮುಟ್ಟುವುದಿಲ್ಲ ಎಂದು ನಿನ್ನೆ ಗೊತ್ತಾಯಿತು.

ಎಲ್ಲಕ್ಕಿಂತ ಮೊದಲು ಒಂದು ಮಾತು. ವಿಕ್ರೋಳಿಯಲ್ಲಿ ವರ್ಕ್‌ಶಾಪಿಗೆ ಹೋಗುವಾಗ ಇನ್ನು ಮೇಲೆ ರೈಲು ಹಳಿ ದಾಟಬೇಡಿ. ಎಲ್ಲರೂ ದಾಟುತ್ತಾರೆ, ನನಗೆ ಗೊತ್ತು. ನೀವು ಮಾತ್ರ ಸೇತುವೆ ಹತ್ತಿ ಇಳಿದು ಹೋಗಿ. ಉಳಿದದ್ದನ್ನು ಓದದೆ ಹರಿದು ಬಿಸಾಡಿದರೂ ಪರವಾಗಿಲ್ಲ, ಇದೊಂದನ್ನು ನಡೆಸಿಕೊಡಿ.

ನಿನ್ನೆ ಭಾನುವಾರ ಅಣ್ಣನ ಖೋಲಿಯಲ್ಲಿ ಮತ್ತೆ ರೆಕಾರ್ಡ್ ಹಾಕಿದರು. ಕಳೆದ ದೀಪಾವಳಿಗೆ ನೀವು ಜಗಳವಾಡಿ ಎದ್ದು ಹೋದ ಮೇಲೆ ಆ ರೆಕಾರ್ಡ್ ಪೆಟ್ಟಿಗೆಯ ಮೇಲೆ ಅತ್ತಿಗೆ ಅಕ್ಕಿ ಡಬ್ಬ ಇಟ್ಟಿದ್ದರು. ನಿಮ್ಮ ಗೆಳೆಯ ಗುರಲಿಂಗಪ್ಪ ಬಂದರಿನ ಕೆಲಸ ಮುಗಿಸಿ ನೇರ ಇಲ್ಲಿಗೇ ಬಂದು, ಡಬ್ಬ ಕೆಳಗಿಳಿಸಿ, ಇವತ್ತು ನಂಬರು ಹಾಕಲೇಬೇಕು ಎಂದು ಹಟ ಹಿಡಿದ. ಅಣ್ಣನಿಗೆ ಮನಸ್ಸಿರಲಿಲ್ಲ. ತಂಗಿ ಗಂಡನನ್ನು ಬಿಟ್ಟು ಮನೆಯಲ್ಲಿ ಕೂತಿರುವಾಗ ಎಂಥ ಹಾಡು ಎಂದು ಗೊಣಗಿದ. ಗುರಲಿಂಗಪ್ಪ ಬಿಡಬೇಕಲ್ಲ. ದೂಜ ಇಲ್ದ ಜಗಳಕ್ಕ ರುಚಿನ ಇಲ್ಲ, ಆದ್ರೂ ಹಾಕ್ರಿ, ಅಂದ. ನಿಮ್ಮ ಹೆಸರು ಅವನ ಬಾಯಲ್ಲಿ ಬಂದ ಹಾಗೆ ಬರೆದಿದ್ದೇನೆ.

ಆ ಒಂದು ರೆಕಾರ್ಡಿನ ಮೇಲೆ ನೀವು ಮೂವರು ಎಷ್ಟು ವರ್ಷ ಕಚ್ಚಾಡಿದಿರಿ! ಬಾಂದ್ರಾದ ಹೋಟೆಲಿನಲ್ಲಿ ಅಣ್ಣನೂ ನೀವೂ ಒಟ್ಟಿಗೆ ಸಪ್ಲೈ ಮಾಡುತ್ತಿದ್ದಾಗ, ದಿನಾ ಬರುತ್ತಿದ್ದ ಗೋವಾದ ಗಿರಾಕಿ ಪರದೇಶಕ್ಕೆ ಹೊರಟವನು ನಿಮಗೆ ಆ ಪೆಟ್ಟಿಗೆಯನ್ನೂ ರೆಕಾರ್ಡನ್ನೂ ಕೊಟ್ಟು ಹೋಗಿದ್ದ. ಕವರಿನ ಮೇಲೆ ಉದ್ದ ಕೂದಲಿನ ನಾಲ್ವರು ಬಿಳಿಯರು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅವರನ್ನು ಹೆಂಗಸರೆಂದು ತಿಳಿದಿದ್ದೆ, ನೀವು ವಾರವಿಡೀ ನಕ್ಕಿದ್ದಿರಿ. ಇಂಗ್ಲಿಷ್ ಮೂವರಿಗೂ ಬಾರದು. ಹಾಡುಗಳಿಗೆ ನೀವೇ ಹೆಸರಿಟ್ಟುಕೊಂಡಿರಿ. ಲೋಕಲ್ ರೈಲಿನ ಹಾಗೆ ಡ್ರಮ್ಮು ಧಡಧಡ ಎನ್ನುವುದು ಲೋಕಲ್ ಹಾಡು, ಎರಡು ಗಿಟಾರು ಬೈದಾಡಿಕೊಳ್ಳುವುದು ಅತ್ತೆ-ಸೊಸೆ ಹಾಡು, ಕೊನೆಗೆ ಬರುವುದು ಕೊಳಲು ಹಾಡು. ನಂಬರು ಹಾಕುವುದೂ ಹೋಟೆಲಿನವರ ರೀತಿಯಲ್ಲೇ. ಎಲ್ಲಕ್ಕಿಂತ ಒಳ್ಳೆಯದು ಸ್ಪೆಷಲ್ ಮಸಾಲೆ, ಅದರ ಕೆಳಗೆ ಸಾದಾ, ಅದರ ಕೆಳಗೆ ಇಡ್ಲಿ, ತೀರಾ ಕೊನೆಯದು ನಿನ್ನೆಯ ಸಾಂಬಾರು. ಮೂವರೂ ಒಪ್ಪಿದರೆ ಮಾತ್ರ ನಂಬರು ಗಟ್ಟಿ. ಯಾವತ್ತೂ ಒಪ್ಪಲಿಲ್ಲ. ಆದರೆ ಸ್ಪೆಷಲ್ ಮಸಾಲೆ ಯಾವುದೆಂದು ತಕರಾರೇ ಇರಲಿಲ್ಲ. ಅದು ಕೊಳಲು ಹಾಡು, ಅದನ್ನು ಮೇಲೆ ಕೂರಿಸಿದವರೇ ನೀವು.

ನನಗೂ ಕಲಿಸಿದಿರಿ. ಗೋಡೆಗೆ ಒರಗಿಸಿ ಕೂರಿಸಿ, ಬೆರಳು ಎತ್ತಿ ಹಿಡಿದು, ಈಗ ಬರುತ್ತದೆ, ಈಗ, ಎನ್ನುತ್ತಿದ್ದಿರಿ. ಕೊಳಲು ಶುರುವಾಗುವ ಮೊದಲು ಊದುವವನು ಉಸಿರು ಎಳೆದುಕೊಳ್ಳುವುದು ಕೇಳಿತಾ ಎಂದು ಕೇಳುತ್ತಿದ್ದಿರಿ. ನನಗೆ ಕೇಳುತ್ತಿರಲಿಲ್ಲ. ಎಷ್ಟೋ ಸಲ ಹಾಕಿಸಿಕೊಂಡ ಮೇಲೆ ಒಂದು ದಿನ ಕೇಳಿತು. ಆವತ್ತು ನಿಮಗಾದ ಖುಷಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ದೂಜನ ಕಿವಿ ಅಂದ್ರ ಕಿವಿ ಎಂದು ಗುರಲಿಂಗಪ್ಪ ಸುಮ್ಮನೆ ಹೇಳುತ್ತಿರಲಿಲ್ಲ.

ಅದೇ ನೀವು ದೀಪಾವಳಿಯ ದಿನ ಆ ಹಾಡನ್ನು ನಿನ್ನೆಯ ಸಾಂಬಾರಿಗೆ ಇಳಿಸಿದಿರಿ. ನಾನು ಬಾಣಂತಿ, ಪರದೆಯ ಹಿಂದೆ ಮಲಗಿದ್ದೆ. ಲೋಕಲ್ ಹಾಡೇ ಸ್ಪೆಷಲ್, ಕೊಳಲು ಹಾಡಿನಲ್ಲಿ ಏನಿದೆ, ಏನೂ ಇಲ್ಲ ಎಂದಿರಿ. ಅಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ತಗಡಿನ ವರ್ಕ್‌ಶಾಪ್ ಸೇರಿ ನಾಲ್ಕು ಕಾಸು ಹೆಚ್ಚು ಸಿಕ್ಕಿತೆಂದು ದೊಡ್ಡ ಮನುಷ್ಯನಾದೆಯಾ ಎಂದು ಕೂಗಾಡಿದ. ಅಷ್ಟರಲ್ಲಿ ಪುಟ್ಟಿ ಎದ್ದು ಅತ್ತಳು. ನೀವು ತೊಟ್ಟಿಲಿಗೆ ಬೆನ್ನು ಹಾಕಿ ಕೂತವರು ತಿರುಗಿ ನೋಡಲಿಲ್ಲ. ಗುರಲಿಂಗಪ್ಪನೇ ಎದ್ದು ತೂಗಿದ. ಆಗ ನನಗೆ ಅನ್ನಿಸಿದ್ದು ಒಂದೇ, ಇವರಿಗೆ ಹೆಣ್ಣು ಮಗು ಬೇಡವಾಗಿತ್ತು.

ನಿನ್ನೆ ಅವರು ರೆಕಾರ್ಡ್ ಹಾಕಿದಾಗ ನಾನು ಒಳಗೆ ಪಂಪ್ ಸ್ಟವ್ ಮುಂದೆ ಇದ್ದೆ. ಅದರ ಸದ್ದು ನಿಮಗೆ ಗೊತ್ತಲ್ಲ, ಭರ್ ಎಂದು ಶುರುವಾದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಅಷ್ಟರ ನಡುವೆಯೂ ಲೋಕಲ್ ಹಾಡು ಕೇಳಿತು. ಕಿವಿಗಲ್ಲ, ಕಾಲಡಿಗೆ ಬಂತು. ಆಮೇಲೆ ಎಷ್ಟು ಹೊತ್ತಾದರೂ ಕೊಳಲು ಹಾಡು ಬರಲೇ ಇಲ್ಲ. ಹಾಕಲಿಲ್ಲವೇನೋ ಎಂದುಕೊಂಡು ಸ್ಟವ್ ಆರಿಸಿದೆ. ಕೊಳಲು ಅರ್ಧ ಮುಗಿದಿತ್ತು. ಅದು ಅಲ್ಲೇ ಇತ್ತು, ನನಗೆ ಮಾತ್ರ ಇರಲಿಲ್ಲ. ಏನೂ ಇಲ್ಲ ಎಂದು ನೀವು ಹೇಳಿದ್ದು ನೆನಪಾಯಿತು. ಕೈಯಲ್ಲಿದ್ದ ಸೌಟು ಹಾಗೆಯೇ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಒಂದೊಂದಾಗಿ ನೆನಪಾದವು. ಲೋಕಲ್ ಹಾಡು ಬಂದಾಗ ನೀವು ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂರುತ್ತಿದ್ದದ್ದು. ನಾನು ಮಾತಾಡುವಾಗ ನನ್ನ ಕಣ್ಣನ್ನಲ್ಲ, ಬಾಯಿಯನ್ನೇ ನೋಡುತ್ತಿದ್ದದ್ದು. ಹಿಂದಿನಿಂದ ಕರೆದರೆ ಓಗೊಡದೆ ಇದ್ದದ್ದು. ಅದಕ್ಕೆ ನಾನು ಎಷ್ಟು ಸಲ ಮುಖ ಊದಿಸಿಕೊಂಡಿದ್ದೆ. ವಿಕ್ರೋಳಿಯ ನಮ್ಮ ಚಾಳಿನ ಸಾಲಿಗೆ ಕುಕ್ಕರ್ ಮೊದಲು ತಂದವಳು ಪಕ್ಕದ ಖೋಲಿಯ ಕಸ್ತೂರಿಬಾಯಿ, ಅದರ ಸೀಟಿಗೆ ಇಡೀ ಸಾಲಿನವರು ಇಣುಕಿದರೂ ನೀವು ಪೇಪರಿನಿಂದ ತಲೆ ಎತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಹಗಲಿಡೀ ಆ ತಗಡು ಒತ್ತುವ ಪ್ರೆಸ್ಸಿನ ಬಡಿತದ ಪಕ್ಕ ನಿಂತು ನಿಮ್ಮ ಕಿವಿ ಹೋಗಿದೆ. ದಪ್ಪ ಸದ್ದು ಉಳಿದಿದೆ, ಸಣ್ಣ ಸದ್ದು ಹೋಗಿದೆ. ನಾನು ಹೇಳಿದ್ದು ತಪ್ಪಾ?

ಪುಟ್ಟಿಯ ವಿಷಯ ಬರೆಯದೆ ಈ ಕಾಗದ ಮುಗಿಯುವುದಿಲ್ಲ. ಆ ಮಧ್ಯಾಹ್ನ ಸೀಮೆಎಣ್ಣೆಯ ಕ್ಯೂಗೆ ಹೋಗುವಾಗ ಅವಳನ್ನು ನಿಮ್ಮ ಹತ್ತಿರ ಬಿಟ್ಟು ಹೋದೆ. ಮೈ ಸ್ವಲ್ಪ ಬೆಚ್ಚಗಿತ್ತು, ಅತ್ತರೆ ಎತ್ತಿಕೊಳ್ಳಿ ಎಂದಿದ್ದೆ. ನೀವು ಹೊಸ್ತಿಲಲ್ಲಿ ಒಳಗೆ ಬೆನ್ನು ಹಾಕಿ ಕೂತು ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದಿರಿ. ನಾನು ಕ್ಯಾನು ಹಿಡಿದು ಮರಳುವಾಗ ಕಸ್ತೂರಿಬಾಯಿ ಮಗುವನ್ನು ಎತ್ತಿಕೊಂಡು ಮೆಟ್ಟಿಲಲ್ಲಿ ನಿಂತಿದ್ದಳು, ಮಗುವಿನ ಕೈಕಾಲು ಸೆಟೆದಿದ್ದವು. ಅಷ್ಟು ಹೊತ್ತಿನಿಂದ ಅಳುತ್ತಿತ್ತು, ಮನೆಯಲ್ಲಿ ಯಾರೂ ಇಲ್ಲವೇನೋ ಎಂದು ಬಂದೆ ಎಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಜ್ವರ ನೆತ್ತಿಗೇರಿದೆ ಎಂದರು. ಮೊದಲೇ ತಂದಿದ್ದರೆ ಉಳಿಯುತ್ತಿತ್ತಾ ಎಂದು ಕೇಳಿದೆ, ಅವರು ಮುಂದಿನ ಮಂಚದ ಮಗುವಿನ ಕಡೆಗೆ ಹೋದರು.

ನೀವು ನನಗೆ ಹೇಳಿದ್ದು ಒಂದೇ ಮಾತು, ಕೇಳಲಿಲ್ಲ ಮಾರಾಯ್ತಿ. ಇಡೀ ಚಾಳಿಗೆ ಕೇಳಿದ್ದು ನಿಮಗೆ ಕೇಳಲಿಲ್ಲವಾ ಎಂದು ನಾನು ಎಲ್ಲರೆದುರು ಅರಚಿದೆ. ಅಣ್ಣನ ಮನೆಗೆ ಹೊರಟೆ. ನನ್ನ ಟ್ರಂಕನ್ನು ನೀವೇ ಸ್ಟೇಷನ್ನಿನವರೆಗೆ ಹೊತ್ತು ತಂದಿರಿ.

ನೀವು ಸುಳ್ಳು ಹೇಳಿರಲಿಲ್ಲ. ಅದು ನನಗೆ ನಿನ್ನೆ ಗೊತ್ತಾಯಿತು. ಹಾಗೆಂದು ನನ್ನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡಿ, ಬೇರೆ ಕಡೆಗೆ ತಿರುಗಿದೆ ಅಷ್ಟೆ. ಕಿವಿ ಹೋದದ್ದನ್ನು ಮೇಸ್ತ್ರಿಗೆ ಹೇಳಿದರೆ ಕೆಲಸ ಹೋಗುತ್ತಿತ್ತು, ಸರಿ. ಅಣ್ಣನಿಗೆ, ಗುರಲಿಂಗಪ್ಪನಿಗೆ ಹೇಳಲು ಮಾನ ಅಡ್ಡ ಬಂತು, ಅದೂ ಸರಿ. ನನಗೆ ಹೇಳಲು ಏನಾಗಿತ್ತು? ಗೊತ್ತಿದ್ದರೆ ನಾನು ಆವತ್ತು ಮಗುವನ್ನು ಸೊಂಟಕ್ಕೇರಿಸಿಕೊಂಡೇ ಕ್ಯೂನಲ್ಲಿ ನಿಲ್ಲುತ್ತಿದ್ದೆ. ಬಿಸಿಲಾದರೆ ಬಿಸಿಲು. ಇದನ್ನು ಯೋಚಿಸಿದಾಗಲೆಲ್ಲ ನಿಮ್ಮನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ. ಅದರ ಹಿಂದೆಯೇ ಇನ್ನೊಂದು ಯೋಚನೆ ಬರುತ್ತದೆ. ಮಗಳು ನಿಮ್ಮ ಬೆನ್ನ ಹಿಂದೆಯೇ ಅಷ್ಟು ಹೊತ್ತು ಅತ್ತಳು ಎಂದು ಬೇರೆಯವರ ಬಾಯಿಂದ ತಿಳಿದುಕೊಂಡಾಗ ನಿಮಗೆ ಹೇಗಾಗಿರಬೇಕು. ಆರು ತಿಂಗಳಿನಿಂದ ಅದನ್ನು ಒಬ್ಬರೇ ಹೊತ್ತುಕೊಂಡಿದ್ದೀರಿ, ನಾನೂ ಇಲ್ಲಿ ಒಬ್ಬಳೇ ಹೊತ್ತುಕೊಂಡಿದ್ದೇನೆ. ಇಬ್ಬರೂ ಒಂದೇ ಮಗುವಿಗೆ ಬೇರೆ ಬೇರೆ ಕೂತು ಅಳುತ್ತಿದ್ದೇವೆ.

ಅಣ್ಣನಿಗೆ ನಿನ್ನೆಯೇ ಹೇಳಿದೆ. ಮೊದಲು ನಂಬಲಿಲ್ಲ. ಸ್ಟವ್ ಹಚ್ಚಿ ಪಕ್ಕದಲ್ಲಿ ನಿಲ್ಲಿಸಿ, ಮತ್ತೆ ರೆಕಾರ್ಡ್ ಹಾಕಿಸಿ ಕೇಳಿಸಿದೆ. ಆಮೇಲೆ ಹೋಗಿ ರೆಕಾರ್ಡನ್ನು ಕವರಿಗೆ ಹಾಕಿದ. ಗುರಲಿಂಗಪ್ಪ ಮೂಗು ಸೀಟಿಕೊಂಡು, ನಮ್ಮ ದೂಜಗ ನಾವ ನಿನ್ನಿ ಸಾಂಬಾರ ಕುಡಿಸಿದ್ವಿ ತಂಗಿ, ಅಂದ.

ಮುಂದಿನ ಭಾನುವಾರ ಇಲ್ಲಿಗೆ ಬನ್ನಿ. ಸೋಮವಾರ ರಜೆ ಹಾಕಿದರೆ ಅಣ್ಣ ಕಿವಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುತ್ತಾನೆ. ನಾನು ವಿಕ್ರೋಳಿಗೆ ವಾಪಸು ಬರುತ್ತೇನೋ ಇಲ್ಲವೋ, ಅದನ್ನು ಈಗ ಕೇಳಬೇಡಿ. ಆ ಖೋಲಿಯ ಹೊಸ್ತಿಲು ನೆನೆದರೆ ಕಾಲು ಮುಂದೆ ಹೋಗುವುದಿಲ್ಲ. ಆದರೆ ನೀವು ಬಂದರೆ ಊಟಕ್ಕಿಡುತ್ತೇನೆ, ಎದುರು ಕೂತು ಬಾಯಿ ಕಾಣುವ ಹಾಗೆ ಮಾತಾಡುತ್ತೇನೆ. ಹಿಂದಿನಿಂದ ಇನ್ನು ಕೂಗುವುದಿಲ್ಲ, ಭುಜ ಮುಟ್ಟಿ ಕರೆಯುತ್ತೇನೆ.

ಸೇತುವೆಯ ಮಾತು ಮರೆಯಬೇಡಿ.

ಇತಿ,
ಪುಟ್ಟಿಯ ಅಮ್ಮ
ಸೇವಂತಿ

ತಾ.ಕ.: ಪುಟ್ಟಿಗೆ ಹದಿನೈದು ದಿನವಾದಾಗ ನೀವು ಅವಳನ್ನು ಮಡಿಲಲ್ಲಿಟ್ಟುಕೊಂಡು, ಇವಳ ದನಿ ಯಾರ ಹಾಗಿದೆ ಎಂದು ನನ್ನನ್ನು ಕೇಳಿದ್ದಿರಿ. ನಿಮಗೆ ಕಿವಿ ಇಲ್ಲವಾ ಎಂದು ನಾನು ನಕ್ಕುಬಿಟ್ಟಿದ್ದೆ. ಈಗ ಹೇಳುತ್ತೇನೆ. ಅಳುವ ಮೊದಲು ಒಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು, ಆಮೇಲೆ ಸಣ್ಣಗೆ, ಮೇಲಿನಿಂದ ಶುರು ಮಾಡುತ್ತಿದ್ದಳು. ನಿಮ್ಮ ಕೊಳಲು ಹಾಡಿನ ಹಾಗೆಯೇ. ಆ ಹಾಡು ನಿಮಗೆ ಬಾಯಿಪಾಠ ಇದೆಯಲ್ಲ. ಕಣ್ಣು ಮುಚ್ಚಿ ಬೆರಳು ಎತ್ತಿ ನೆನಪು ಮಾಡಿಕೊಳ್ಳಿ, ಅದೇ ಅವಳು.