ಐದು ಗಂಟೆಗೆ ಹೊರಡುವ ಅಮ್ಮ

ಹೊಸ ಮನೆ, ನಾಲ್ಕನೇ ಮಹಡಿ
ಮಾರ್ಚ್ ೮, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಹಡಗಿನಲ್ಲಿ ಭಾರ ಎತ್ತುವಾಗ ವಯಸ್ಸು ನೆನಪಿರಲಿ, ಅತ್ತಿಗೆಗೆ ಉತ್ತರ ಹೇಳಬೇಕಾದವಳು ನಾನು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಹೌದು, ಅಮ್ಮನೂ. ಮೊದಲು ಅದನ್ನೇ ಬರೆದುಬಿಟ್ಟೆ, ನೀನು ಉಸಿರು ಬಿಡು.

ಅಮ್ಮ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದ ಆಫೀಸು ಖಾಲಿಯಾಗಿ, ಅದನ್ನೇ ಮನೆಗಳಾಗಿ ಮಾಡಿ ಮಾರುತ್ತಾರೆ ಎಂದಾಗ, ಅವಳದೇ ಮಹಡಿಯಲ್ಲಿ ಕೊಂಡರೆ ಹಿಗ್ಗುತ್ತಾಳೆ ಅಂದುಕೊಂಡವರು ನಾವೇ ತಾನೆ? ಅವಳ ಮೇಜಿದ್ದ ಜಾಗದಲ್ಲಿ ಈಗ ನಮ್ಮ ಒಲೆ. ಸಾಹೇಬರ ಕೋಣೆ ಬಚ್ಚಲಾಗಿದೆ; ಒಳಗೆ ಯಾರೂ ಇಲ್ಲದಿದ್ದರೂ ಅಮ್ಮ ಬಾಗಿಲು ತಟ್ಟಿಯೇ ಹೋಗುತ್ತಾಳೆ! ಆಗ ತೆರೆಯಲಾಗದಿದ್ದ ಕಿಟಕಿಗಳು ಈಗ ತೆರೆಯುತ್ತವೆ, ಗಾಳಿ ಬರುತ್ತದೆ. ಆದರೂ ಸಂಜೆ ಐದಾದರೆ ಸಾಕು, ಕೋಟು ತೊಟ್ಟು, ಕೈಚೀಲ ಹೆಗಲಿಗೇರಿಸಿ, ದೀಪ ಆರಿಸಿ, ‘ನಾನು ಹೊರಟೆ’ ಎಂದು ಲಿಫ್ಟಿನ ಕಡೆ ನಡೆಯುತ್ತಿದ್ದಳು. ನಾನು ಓಡಿಹೋಗಿ ಕೈಹಿಡಿದು ಕರೆತಂದರೆ, ಊಟದ ಹೊತ್ತಿನವರೆಗೂ ಕೋಟು ಬಿಚ್ಚದೆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು. ಮರೆವಿನ ಕಾಯಿಲೆ ಎಂದು ನಾನು ಹೆದರಿದೆ, ಮನೆ ಮಾರಿಬಿಡೋಣ ಎಂದು ನೀನು ಬರೆದೆ.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿದರು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಅನ್ನುತ್ತಾರಲ್ಲ, ನಮಗೆ ಇಲಿಯೂ ಸಿಗಲಿಲ್ಲ. ನಾನು ಹುಟ್ಟಿದ ಗಳಿಗೆಯಿಂದ ಹಿಡಿದು ನೀನು ಎರಡು ಸಲ ಫೇಲಾದದ್ದರವರೆಗೆ ಅಮ್ಮ ಎಲ್ಲವನ್ನೂ ಒಪ್ಪಿಸಿ ಬಂದಳು. ದಾರಿಯಲ್ಲಿ ತಡೆಯಲಾರದೆ, ಮತ್ಯಾಕಮ್ಮಾ ದಿನಾ ಹೊರಟು ನಿಲ್ತೀಯ ಎಂದು ಕೇಳಿಯೇಬಿಟ್ಟೆ. ‘ಅದು ನಮ್ಮನೆ ಅಂತ ನಂಗೊತ್ತಿಲ್ವೇನೇ? ಆದ್ರೆ ಮೂವತ್ತು ವರ್ಷ ಅಲ್ಲಿಂದ ಇಳಿದು ಹೋದ್ರೇನೇ ಕಣೇ ನಂಗೆ ಮನೆ ಸಿಗ್ತಿದ್ದಿದ್ದು. ನೀನು ಇಳಿಯೋಕೇ ಬಿಡಲ್ಲ, ನಾನು ಮನೆಗೆ ಹೇಗೆ ಬರ್ಲಿ?’ ಎಂದಳು. ನನಗೆ ನಗುವೂ ಬಂತು, ಅಳುವೂ ಬಂತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಅಣ್ಣಾ.

ಹೊತ್ತಿಗೆ ಸರಿಯಾಗಿ ಉಣ್ಣು, ಸಮುದ್ರದ ಜೊತೆ ಜಗಳ ಬೇಡ. ಅಮ್ಮನ ಆಶೀರ್ವಾದವೂ ನನ್ನದೊಂದು ಗುದ್ದೂ ಇದರ ಜೊತೆಗಿವೆ.

ನಿನ್ನ ಬಾಯಾಳಿ ತಂಗಿ

ತಾ.ಕ.: ಮನೆ ಮಾರುವುದು ಬೇಡ, ದಲ್ಲಾಳಿಗೆ ಇವತ್ತೇ ಹೇಳಿಬಿಡು. ಒಂದು ಬೀಗದಕೈ ಅಮ್ಮನಿಗೇ ಕೊಟ್ಟಿದ್ದೇನೆ. ನಿನ್ನೆ ಐದಕ್ಕೆ ಎಂದಿನಂತೆ ಹೊರಟಳು. ನಾನು ಜಾಗ ಬಿಟ್ಟು ಏಳಲಿಲ್ಲ. ಬೀದಿ ಸುತ್ತಿ, ಒಂದು ಕಟ್ಟು ಸೊಪ್ಪು ಹಿಡಿದು, ತಾನೇ ಬಾಗಿಲು ತೆಗೆದು ಬಂದಳು. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ‘ಉಸ್ಸಪ್ಪಾ, ಮನೆ ಸೇರಿದೆ’ ಎಂದು ಒಲೆ ಹಚ್ಚಿದಳು.